46 ಸಾವಿರದಲ್ಲಿ ಅಮ್ಮನ ಬಚ್ಚಲು

"ನಿನ್ನ ಮನೆಗೇನೋ ಬರ್ತೆ. ನಿನ್ನ ಬಚ್ಚಲಿಗೆ ಮಾತ್ರ ಬರೂದಿಲ್ಲ" ಎಂದು ಅಮ್ಮ ಫೋನಿನಲ್ಲಿ ಹೇಳಿದಾಗ ನಾನು ನಕ್ಕುಬಿಟ್ಟೆ. ಆ ಕಡೆಯಿಂದ ನಗು ಬರಲಿಲ್ಲ.

ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಅಮ್ಮ ನಮ್ಮ ಮುಲುಂಡಿನ ಮನೆಯ ಬಾತ್‌ರೂಮಿನಲ್ಲಿ ಜಾರಿ ಬಿದ್ದಿದ್ದಳು. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು, ಅಷ್ಟೇ. ಆದರೆ ನಮ್ಮೆಲ್ಲರ ಮನಸ್ಸಿನಲ್ಲಿ ಉಳಿದದ್ದು ಮೂಳೆಯಲ್ಲ, ಬಾಗಿಲು. ಅದು ಒಳಕ್ಕೆ ತೆರೆಯುವ ಬಾಗಿಲು. ಅಮ್ಮ ಬಿದ್ದದ್ದು ಅದಕ್ಕೆ ಅಡ್ಡವಾಗಿ. ಚಿಲಕ ಮುರಿದರೂ ಬಾಗಿಲು ನಾಲ್ಕು ಬೆರಳಿಗಿಂತ ಹೆಚ್ಚು ಸರಿಯಲಿಲ್ಲ, ಜೋರಾಗಿ ತಳ್ಳಿದರೆ ಅವಳಿಗೇ ಪೆಟ್ಟು. ಕೊನೆಗೆ ಆಗ ಎಂಟು ವರ್ಷದವಳಾಗಿದ್ದ ನನ್ನ ಮಗಳು ಆ ಸಂದಿಯಲ್ಲಿ ಕೈ ತೂರಿಸಿ, "ಅಜ್ಜಿ, ಸ್ವಲ್ಪ ಆಚೆ ಸರೀ" ಎಂದು ಹತ್ತು ನಿಮಿಷ ಮಾತನಾಡಿಸುತ್ತ ಅವಳನ್ನು ಇಂಚಿಂಚಾಗಿ ಸರಿಸಿದಳು. ಪ್ಲಾಸ್ಟರ್ ಬಿಚ್ಚಿದ ವಾರವೇ ಅಮ್ಮ ಹೊನ್ನಾವರದ ಬಸ್ಸು ಹತ್ತಿದಳು. ಅಪ್ಪ ಹೋದ ಮೇಲೆ ಊರಿನ ಮನೆಯಲ್ಲಿ ಅವಳೊಬ್ಬಳೇ. ವಯಸ್ಸು 71. ಕರೆದಾಗಲೆಲ್ಲ ಒಂದೊಂದು ನೆಪ. ನಿಜವಾದ ಕಾರಣ ಹೇಳಿದ್ದು ಕಳೆದ ವರ್ಷದ ಗಣೇಶ ಚೌತಿಯ ಹೊತ್ತಿಗೆ, ಮೇಲಿನ ಆ ಒಂದು ವಾಕ್ಯದಲ್ಲಿ.

ನಮ್ಮದು 1983ರ ಕಟ್ಟಡ. ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಹಳೆಯ ಮುಂಬಯಿ ಫ್ಲ್ಯಾಟುಗಳ ಪದ್ಧತಿಯಂತೆ ಸಂಡಾಸು ಬೇರೆ, ಬಚ್ಚಲು ಬೇರೆ. ಬಚ್ಚಲು ನಾಲ್ಕಡಿ ಅಗಲ, ಆರೂವರೆ ಅಡಿ ಉದ್ದ. ಗೋಡೆಗೆ ಎದೆಯೆತ್ತರದವರೆಗೆ ಗುಲಾಬಿ ಬಣ್ಣದ ಸಣ್ಣ ಟೈಲ್ಸು, ಅದರ ಮೇಲೆ ಹಪ್ಪಳದಂತೆ ಎದ್ದ ಸುಣ್ಣ. ನೆಲಕ್ಕೆ ಬಿಳಿಯದಾಗಿದ್ದಿರಬಹುದಾದ ಟೈಲ್ಸು. ಗಾಜಿನ ಪಟ್ಟಿಗಳ ಕಿಟಕಿ, ಅದರಾಚೆ ಪಾರಿವಾಳಗಳ ಸಂಸಾರ. ಮನೆ ಕೊಂಡಾಗ ಕೈಯಲ್ಲಿದ್ದುದೆಲ್ಲ ಡೌನ್ ಪೇಮೆಂಟಿಗೆ ಹೋಗಿತ್ತು. ಬಚ್ಚಲು 'ಮುಂದಿನ ವರ್ಷ' ಅಂದುಕೊಂಡೆವು. ಹತ್ತು ಮುಂದಿನ ವರ್ಷಗಳು ಕಳೆದವು.

ಅಮ್ಮನ ಫೋನು ಬಂದ ವಾರವೇ ಸೊಸೈಟಿಯಿಂದ ಪತ್ರವೂ ಬಂತು. ಕೆಳಗಿನ ಮನೆಯ ಬಚ್ಚಲಿನ ಛಾವಣಿಯಲ್ಲಿ ಸೋರಿಕೆ, ಕೂಡಲೇ ಸರಿಪಡಿಸಿ ಎಂದು. ಮಹಾರಾಷ್ಟ್ರದ ಸಹಕಾರಿ ಗೃಹ ಸಂಘಗಳ ಮಾದರಿ ಉಪನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ: ಮಳೆನೀರಿನಿಂದಲೋ ಹೊರಗಿನ ಸಾಮಾನ್ಯ ಪೈಪುಗಳಿಂದಲೋ ಸೋರಿದರೆ ಖರ್ಚು ಸೊಸೈಟಿಯದು, ಮನೆಯೊಳಗಿನ ಶೌಚಾಲಯ ಸಿಂಕುಗಳಿಂದ ಸೋರಿದರೆ ಆ ಸದಸ್ಯರದು. ಕೆಳಗಿನ ಮನೆಯ ಕಾಕೂಗೆ ಅರವತ್ತೈದು ದಾಟಿದೆ, ನಿವೃತ್ತ ಶಿಕ್ಷಕಿ. ಎರಡು ವರ್ಷದಿಂದ ಮೆಟ್ಟಿಲಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದರು. ತಪ್ಪು ಅವರದ್ದಲ್ಲ.

ಒಬ್ಬ ಕಾಂಟ್ರ್ಯಾಕ್ಟರನನ್ನು ಕರೆಸಿದೆ. ಆತ ಎರಡು ನಿಮಿಷ ನೋಡಿ, "ಪೂರಾ ತೋಡನಾ ಪಡೇಗಾ" ಅಂದ. ನೆಲ, ಗೋಡೆ, ಪೈಪು ಎಲ್ಲ ಒಡೆದು ಹೊಸದು. 1 ಲಕ್ಷ 85 ಸಾವಿರ, ಇಪ್ಪತ್ತೈದು ದಿನ. ಮಗಳ ಶಾಲೆಯ ಫೀಸು, ಮನೆಸಾಲದ ಕಂತು, ಕಂಪನಿಯಲ್ಲಿ ಆ ತ್ರೈಮಾಸಿಕದಲ್ಲಿ ಯಾರನ್ನು ಮನೆಗೆ ಕಳಿಸುತ್ತಾರೋ ಎಂಬ ಗುಸುಗುಸು. ಈ ಹೊತ್ತಿನಲ್ಲಿ ಎರಡು ಲಕ್ಷಕ್ಕೆ ಕೈ ಹಾಕುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಆದರೆ ದೀಪಾವಳಿಗೆ ಐದು ವಾರವಿತ್ತು. ನೀರು ತುಂಬುವ ಹಬ್ಬಕ್ಕೆ ಅಮ್ಮ ಇಲ್ಲಿರಬೇಕು ಎಂದು ಒಂದು ಹಟ ಹುಟ್ಟಿತು.

ಕೆಲಸ ಶುರು ಮಾಡುವ ಮೊದಲು ಒಂದು ವಾರ ಬರೀ ಓದಿದೆ, ವಿಡಿಯೋ ನೋಡಿದೆ, ಆಫೀಸಿನ ಸಿವಿಲ್ ಇಂಜಿನಿಯರ್ ಮಿತ್ರನ ತಲೆ ತಿಂದೆ. ಹಳೆಯ ಕಟ್ಟಡದಲ್ಲಿರುವ ನೀವೂ ಇದನ್ನು ತಿಳಿದಿರಬೇಕು. ನಮ್ಮ ಕಟ್ಟಡಗಳಲ್ಲಿ ಬಚ್ಚಲಿನ ಸ್ಲ್ಯಾಬು ಉಳಿದ ಕೋಣೆಗಳಿಗಿಂತ ತಗ್ಗಿನಲ್ಲಿರುತ್ತದೆ. ಆ ತೊಟ್ಟಿಯೊಳಗೆ ಪೈಪುಗಳನ್ನು ಹಾಯಿಸಿ, ಇಟ್ಟಿಗೆ ಚೂರು ಮತ್ತು ಗಾರೆ ತುಂಬಿ, ಮೇಲೆ ಟೈಲ್ಸು ಹಾಸಿರುತ್ತಾರೆ. ಮೇಸ್ತ್ರಿಗಳು ಇದನ್ನು 'ಕೋಬಾ' ಎನ್ನುತ್ತಾರೆ. ನೀರು ಕೆಳಗಿಳಿಯದಂತೆ ತಡೆಯುವುದು ಟೈಲ್ಸಲ್ಲ, ಈ ಕೋಬಾ. ನಲವತ್ತು ವರ್ಷ ಅಲುಗಾಡದೆ ಕೂತ ಅದನ್ನು ಸುತ್ತಿಗೆಯಿಂದ ಬಡಿದರೆ ಇಲ್ಲದ ಬಿರುಕುಗಳೂ ಹುಟ್ಟುತ್ತವೆ. ಒಡೆದ ಮೇಲೆ ಮತ್ತೆ ವಾಟರ್‌ಪ್ರೂಫಿಂಗ್ ಮಾಡಲೇಬೇಕು, ಅಲ್ಲಿಂದ ಖರ್ಚು ಏರುತ್ತದೆ. ಹಾಗಾಗಿ ನನ್ನ ಮೊದಲ ಪ್ರಶ್ನೆ: ಒಡೆಯಲೇಬೇಕೆ? ಸೋರುತ್ತಿರುವುದು ನಿಖರವಾಗಿ ಎಲ್ಲಿಂದ?

ಹದಿನಾಲ್ಕು ವರ್ಷ ಬೇರೆಯವರು ಬರೆದ ಕೋಡಿನಲ್ಲಿ ತಪ್ಪು ಹುಡುಕಿದವಳಿಗೆ ಈ ಪ್ರಶ್ನೆ ಹೊಸದಲ್ಲ. ಎಲ್ಲವನ್ನೂ ಕಿತ್ತು ಹೊಸದಾಗಿ ಬರೆಯೋಣ ಎನ್ನುವವನು ಸಾಮಾನ್ಯವಾಗಿ ಹಳೆಯದನ್ನು ಓದಿಲ್ಲದವನು.

ಮೊದಲು ಒಂದು ಸ್ಟೀಲ್ ಚಮಚೆ ಹಿಡಿದು ನೆಲದ ಪ್ರತಿ ಟೈಲನ್ನೂ ಕುಟ್ಟಿದೆ. ಗಟ್ಟಿ ಸದ್ದು ಬಂದರೆ ಸರಿ, ಡಬಡಬ ಎಂದರೆ ಕೆಳಗೆ ಪೊಳ್ಳು. ಮೂರು ಮಾತ್ರ ಪೊಳ್ಳು. ಆಮೇಲೆ ನೀರು ನಿಲ್ಲಿಸುವ ಪರೀಕ್ಷೆ. ಬಚ್ಚಲಿನ ನೀರು ಹೋಗುವ ಜಾಗಕ್ಕೆ ಇಲ್ಲಿ 'ನಹಾಣಿ ಟ್ರ್ಯಾಪ್' ಅನ್ನುತ್ತಾರೆ. ನ್ಹಾಣಿ ಎಂದರೆ ಮರಾಠಿಯಲ್ಲಿ ಬಚ್ಚಲೇ. ಆ ಮರಾಠಿ ಶಬ್ದ ಇಂಜಿನಿಯರಿಂಗ್ ಪುಸ್ತಕಗಳೊಳಗೂ ಹೋಗಿ ಕೂತಿದೆ. ಟ್ರ್ಯಾಪಿನ ಸುತ್ತ ಅರ್ಧ ಅಡಿ ಬಿಟ್ಟು ಒಂದು ಕಟ್ಟೆ ಕಟ್ಟಿ, ಉಳಿದ ನೆಲದಲ್ಲಿ ನೀರು ನಿಲ್ಲಿಸಿದರೆ ನೆಲ ಸೋರುತ್ತದೋ ಟ್ರ್ಯಾಪ್ ಸೋರುತ್ತದೋ ಗೊತ್ತಾಗಬೇಕು ಎಂಬುದು ನನ್ನ ಲೆಕ್ಕ. ಮಗಳು ಗಣಪತಿ ಮಾಡಿ ಉಳಿಸಿದ್ದ ಶಾಡೂ ಮಣ್ಣಿನಿಂದ ಕಟ್ಟೆ ಕಟ್ಟಿದೆವು. ಮಧ್ಯರಾತ್ರಿಯ ಹೊತ್ತಿಗೆ ಅದು ಕರಗಿ ಕೆಸರಾಯಿತು. ನೀರಿನಲ್ಲಿ ಕರಗಲೆಂದೇ ತಂದ ಮಣ್ಣು, ತನ್ನ ಧರ್ಮ ಪಾಲಿಸಿತು. ಮರುದಿನ ಅವಳ ಪ್ಲಾಸ್ಟಿಸಿನ್ ಡಬ್ಬಿಗಳನ್ನೆಲ್ಲ ಖಾಲಿ ಮಾಡಿ ಬಣ್ಣಬಣ್ಣದ ಕಟ್ಟೆ ಕಟ್ಟಿದೆವು. ಅದು ನಿಂತಿತು. ಗೋಡೆಯ ಮೇಲೆ ಪೆನ್ಸಿಲಿನಿಂದ ನೀರಿನ ಮಟ್ಟ ಗುರುತಿಸಿ ಇಪ್ಪತ್ತನಾಲ್ಕು ಗಂಟೆ ಬಿಟ್ಟೆ. ಗೆರೆಯಿಂದ ಕೂದಲೆಳೆಯಷ್ಟು ಇಳಿದಿತ್ತು, ಆವಿಯಾಗಿ ಹೋದದ್ದು. ಆಮೇಲೆ ಟ್ರ್ಯಾಪಿನ ಬಾಯಿಯನ್ನು ಪ್ಲಾಸ್ಟಿಕ್ ಸುತ್ತಿದ ಬಟ್ಟೆಯಿಂದ ಆಳದಲ್ಲಿ ಬಿಗಿದು, ಕಟ್ಟೆಯೊಳಗೆ ನೀರು ಸುರಿದೆ. ಎರಡು ಗಂಟೆಯಲ್ಲಿ ಅರ್ಧ ಇಂಚು ಮಾಯ.

ಕೆಳಗೆ ಓಡಿದೆ. ಕಾಕೂ ಬಾಗಿಲು ತೆರೆದು ನನ್ನನ್ನು ನೋಡಿ ಸುಮ್ಮನೆ ನಿಂತರು. "ನಿಮ್ಮ ಬಚ್ಚಲಿನ ಛಾವಣಿ ನೋಡಬಹುದಾ, ಈಗಲೇ" ಎಂದೆ. ಇಬ್ಬರೂ ಕತ್ತೆತ್ತಿ ನಿಂತೆವು. ನಮ್ಮ ಟ್ರ್ಯಾಪಿನ ನೇರ ಕೆಳಗೆ ಒಂದು ಹನಿ ದಪ್ಪವಾಗುತ್ತ ದಪ್ಪವಾಗುತ್ತ ಬಿತ್ತು. ಎರಡು ವರ್ಷದಲ್ಲಿ ಆ ಹನಿಯನ್ನು ನೋಡಲು ನಾನು ಬಂದದ್ದು ಅದೇ ಮೊದಲು. ಅವರೂ ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಚಹಾ ಮಾಡಿಕೊಟ್ಟರು.

ಟ್ರ್ಯಾಪಿನ ಸುತ್ತ ಒಡೆದು ಕೂರಿಸುವ ಕೆಲಸಕ್ಕೆ ಅನುಭವಿ ಪ್ಲಂಬರನನ್ನೇ ಕರೆದೆ. ಆತ ಟ್ರ್ಯಾಪಿನ ಸುತ್ತ ಆರಿಂಚು ಮಾತ್ರ ಉಳಿಯಿಂದ ಬಿಡಿಸಿ, ಪುಡಿಯಾಗಿದ್ದ ಹಳೆಯ ಗಾರೆ ತೆಗೆದು, ಪಾಲಿಮರ್ ಬೆರೆಸಿದ ಗಾರೆ ತುಂಬಿದ. ನೆಲ ಎತ್ತರವಾಗುವುದರಿಂದ ಟ್ರ್ಯಾಪಿಗೊಂದು ಎತ್ತರದ ಬಳೆಯನ್ನೂ ಕೂರಿಸಿದ. ಸಾಮಾನು ಸೇರಿ 3,500 ರೂಪಾಯಿ. ಇಲ್ಲೊಂದು ಮಾತು: ಸೋರಿಕೆ ನಿಲ್ಲಿಸಿದ ಮರುದಿನವೇ ಕೆಳಗೆ ಹನಿ ನಿಲ್ಲುವುದಿಲ್ಲ. ವರ್ಷಗಟ್ಟಲೆ ಕುಡಿದ ನೀರು ಕೋಬಾದೊಳಗೆ ಇರುತ್ತದೆ, ಅದು ಇಳಿದು ಮುಗಿಯಬೇಕು. ನಮಗೆ ಹದಿನೇಳು ದಿನ ಹಿಡಿಯಿತು. ಆ ಹದಿನೇಳು ದಿನವೂ ಕಾಕೂ ಬೆಳಗ್ಗೆ ವಾಟ್ಸಾಪಿನಲ್ಲಿ ಛಾವಣಿಯ ಫೋಟೋ ಕಳಿಸುತ್ತಿದ್ದರು, ಒಂದು ಶಬ್ದವೂ ಬರೆಯದೆ. ನನಗೆ ನಿದ್ದೆ ಬರುತ್ತಿರಲಿಲ್ಲ. ನನ್ನ ಲೆಕ್ಕ ತಪ್ಪಿದ್ದರೆ ಎಲ್ಲ ಮುಗಿದ ಮೇಲೆ ಮತ್ತೆ ಒಡೆಯಬೇಕಿತ್ತು.

ನೆಲಕ್ಕೆ ಹಳೆಯ ಟೈಲಿನ ಮೇಲೆಯೇ ಹೊಸ ಟೈಲು. ಪೊಳ್ಳಿದ್ದ ಮೂರನ್ನು ತೆಗೆದು ಆ ಗುಂಡಿ ತುಂಬಿ, ಉಳಿದದ್ದನ್ನು ಸೋಪಿನ ಪುಡಿಯಿಂದ ಮೂರು ಸಲ ತಿಕ್ಕಿ, ಬಾಡಿಗೆ ಗ್ರೈಂಡರಿನಿಂದ ನುಣುಪು ತೆಗೆದೆ. ಗ್ರೈಂಡರಿನ ಧೂಳು ಮಾಸ್ಕಿಲ್ಲದೆ ಉಸಿರಾಡಬೇಡಿ, ಕನ್ನಡಕವೂ ಬೇಕು. ಟೈಲ್ಸ್ ಎಲ್‌ಬಿಎಸ್ ರಸ್ತೆಯ ಅಂಗಡಿಯಲ್ಲಿ ಉಳಿಕೆ ಮಾಲು. ಗುಜರಾತಿನ ಮೋರ್ಬಿಯಿಂದ ಬರುವ ಅಡಿ-ಚದರದ ಒರಟು ಮೇಲ್ಮೈಯವು, ಚದರಡಿಗೆ 52 ರೂಪಾಯಿ. ನಮ್ಮ ನೆಲ 26 ಚದರಡಿ, ತುಂಡಾಗುವುದಕ್ಕೆಂದು 30 ತಂದೆ. ಅಂಗಡಿಯಾತ ಹೊಳೆಯುವ, ಅಮೃತಶಿಲೆಯಂತಹ ಟೈಲನ್ನೇ ಮುಂದೆ ಮಾಡುತ್ತಿದ್ದ. ಒಂದು ಬಾಟಲಿ ನೀರು ತರಿಸಿ ಎರಡರ ಮೇಲೂ ಸುರಿದು, ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ನಿಂತು ಪಾದ ಉಜ್ಜಿ ನೋಡಿದೆ. "ಮೇಡಂ, ಸಾಹೇಬರನ್ನು ಕಳಿಸಿ, ಅವರಿಗೆ ಗೊತ್ತಾಗ್ತದೆ" ಅಂದ. ಸಾಹೇಬರು ಆಗ ಮೆಟ್ಟಿಲಲ್ಲಿ ಇಪ್ಪತ್ತು ಕಿಲೋದ ಅಂಟಿನ ಚೀಲ ಹೊರುತ್ತಿದ್ದರು.

ಹಾಸುವುದರಲ್ಲಿ ಕಷ್ಟ ಟೈಲಿನದಲ್ಲ, ಇಳಿಜಾರಿನದು. ಆರೂವರೆ ಅಡಿಗೆ ಮುಕ್ಕಾಲು ಇಂಚಿನಷ್ಟು ಟ್ರ್ಯಾಪಿನ ಕಡೆಗೆ ಇಳಿಯಬೇಕು. ಅದಕ್ಕಿಂತ ಕಮ್ಮಿಯಾದರೆ ನೀರು ನಿಲ್ಲುತ್ತದೆ, ಹೆಚ್ಚಾದರೆ ಸ್ಟೂಲು ಜಾರುತ್ತದೆ. ಹಲ್ಲಿನ ಕರಣೆಯಿಂದ ಅಂಟು ಎಳೆದು ಟೈಲನ್ನು ಅದುಮಿ ಕೂರಿಸಬೇಕು. ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಇಟ್ಟು ಕೂರಿಸಿದರೆ ಅಡಿಯಲ್ಲಿ ಪೊಳ್ಳು ಉಳಿಯುತ್ತದೆ. ನಾನು ಒಂದು ಸಾಲು ಹಾಸಿ ಮಗಳ ಗೋಲಿ ಬಿಟ್ಟು ನೋಡಿದೆ. ಗೋಲಿ ಬಾಗಿಲ ಕಡೆ ಹೊರಟಿತು. ಅಂಟು ಹಸಿ ಇದ್ದದ್ದು ಪುಣ್ಯ, ಆ ಸಾಲನ್ನು ಕಿತ್ತು ಮತ್ತೆ ಹಾಸಿದೆ. ಇಡೀ ಶನಿವಾರ ಹೋಯಿತು. ನಮ್ಮ ಸೊಸೈಟಿಯಲ್ಲಿ ಸದ್ದಿನ ಕೆಲಸ ಬೆಳಗ್ಗೆ 10ರಿಂದ 1, ಮಧ್ಯಾಹ್ನ 3ರಿಂದ 6; ಭಾನುವಾರ ಇಲ್ಲವೇ ಇಲ್ಲ. ಕತ್ತರಿಸುವ ಕೆಲಸ ಶನಿವಾರಕ್ಕೆ, ಸದ್ದಿಲ್ಲದ್ದು ಭಾನುವಾರಕ್ಕೆ ಎಂದು ಹಂಚಿಕೊಂಡಿದ್ದೆವು. ಒಣಗುವ ದಿನಗಳಲ್ಲಿ ಎದುರು ಮನೆಯ ಗುಜರಾತಿ ಬೆನ್‌ ತಮ್ಮ ಬಚ್ಚಲಿನ ಕೀಲಿಯನ್ನೇ ಕೊಟ್ಟಿದ್ದರು ಅನ್ನಬೇಕು. ಮೂವರೂ ಬಕೆಟ್ಟು ಟವೆಲು ಹಿಡಿದು ಸಾಲಾಗಿ ಹೋಗುತ್ತಿದ್ದೆವು. ನನ್ನ ಸೋದರಮಾವ ಎಪ್ಪತ್ತರ ದಶಕದಲ್ಲಿ ಮಾಟುಂಗಾದ ಹೋಟೆಲಿನ ಮೇಜಿನ ಮೇಲೆ ಮಲಗಿ, ಹಿತ್ತಿಲ ನಲ್ಲಿಗೆ ಸರದಿ ನಿಂತು ಸ್ನಾನ ಮಾಡಿ ರಾತ್ರಿಶಾಲೆ ಓದಿದವರು. ಫೋನಿನಲ್ಲಿ ಈ ಸುದ್ದಿ ಕೇಳಿ ಅವರು ನಕ್ಕ ನಗು ಇನ್ನೂ ಕಿವಿಯಲ್ಲಿದೆ.

ಗೋಡೆಯ ಗುಲಾಬಿ ಟೈಲ್ಸನ್ನು ಹಾಗೆಯೇ ಬಿಟ್ಟೆ. ಅವುಗಳ ಕೊಳಕು ಅವುಗಳದ್ದಲ್ಲ, ನಡುವಿನ ಸಿಮೆಂಟು ಗೆರೆಗಳದ್ದು. ಮುಂಬಯಿಯ ಕೆರೆ ನೀರು ಮೆದು, ಅಷ್ಟು ಕಲೆ ಮಾಡುವುದಿಲ್ಲ. ನಡುವೆ ಟ್ಯಾಂಕರ್ ಮತ್ತು ಬೋರ್‌ವೆಲ್ ನೀರು ಸೇರುತ್ತಿದ್ದ ವರ್ಷಗಳ ಬಿಳಿ ಪದರ ಅದು. ಅದನ್ನು ತೆಗೆಯಲೆಂದು ಹತ್ತು ವರ್ಷ ಆ್ಯಸಿಡ್ ಸುರಿದದ್ದು ನಾವೇ. ಆ್ಯಸಿಡ್ ಕಲೆಯ ಜೊತೆ ಸಿಮೆಂಟನ್ನೂ ತಿನ್ನುತ್ತದೆ. ಟ್ರ್ಯಾಪಿನ ಸುತ್ತಲ ಗಾರೆ ಪುಡಿಯಾಗಿದ್ದಕ್ಕೂ ಅದೇ ಕಾರಣವಿರಬೇಕೆಂದು ಪ್ಲಂಬರ್ ಹೇಳಿದ. ದಯವಿಟ್ಟು ನಿಲ್ಲಿಸಿ. ಹಳೆಯ ಗೆರೆಗಳನ್ನು ಕೆರೆದು ತೆಗೆಯುವುದು ಈ ಇಡೀ ಕೆಲಸದಲ್ಲಿ ಅತಿ ಬೇಸರದ ಭಾಗ. ನಾಲ್ಕು ರಾತ್ರಿ, ಅಮೆರಿಕದ ಕಾಲ್‌ಗಳನ್ನು ಇಯರ್‌ಫೋನಿನಲ್ಲಿ ಕೇಳುತ್ತ, ಮ್ಯೂಟ್ ಮಾಡಿಕೊಂಡು ಕೆರೆದೆ. ಹೊಸ ಗೆರೆಗೆ ಎಪಾಕ್ಸಿ. ಎರಡು ಭಾಗ ಕಲಸಿದ ಮೇಲೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಗಟ್ಟಿಯಾಗತೊಡಗುತ್ತದೆ, ಆದ್ದರಿಂದ ಸ್ವಲ್ಪ ಸ್ವಲ್ಪವೇ ಕಲಸಿ, ಹಿಂದೆಯೇ ಸ್ಪಂಜಿನಿಂದ ಒರೆಸಿ. ಮೊದಲ ದಿನ ಒರೆಸಲು ತಡವಾದ ಒಂದು ಮೂಲೆ ಈಗಲೂ ಮಂಜು ಹಿಡಿದಂತಿದೆ. ಒಡೆದ ಏಳು ಟೈಲುಗಳಿಗೆ ಆ ಗುಲಾಬಿ ಈಗ ಸಿಗುವುದಿಲ್ಲ. ಮಗಳು ಕಡುನೀಲಿ ಆರಿಸಿದಳು. ಮೇಲಿನ ಭಾಗದ ಪೊರೆಯೆದ್ದ ಸುಣ್ಣವನ್ನು ಕೆರೆದು ಸಿಮೆಂಟ್ ಪುಟ್ಟಿ ಹಚ್ಚಿ ಬಿಳಿ ಬಳಿದೆವು. ಸೆಪ್ಟೆಂಬರಿನಲ್ಲಿ ಗೋಡೆ ಒಳಗಿನಿಂದ ಇನ್ನೂ ಹಸಿಯಿರುತ್ತದೆ, ಅದನ್ನು ಅಕ್ಟೋಬರ್ ಕೊನೆಗೆ ತಳ್ಳಿದ್ದು ಸರಿಯಾಯಿತು.

ಈಗ ನನ್ನ ದಡ್ಡತನದ ಕಥೆ. ಹಳೆಯ ನಲ್ಲಿ ಬಿಚ್ಚಿ ಹೊಸದು ಕೂರಿಸುವುದು ಸುಲಭ ಎಂದು ಎಲ್ಲ ವಿಡಿಯೋಗಳೂ ಹೇಳುತ್ತವೆ. ಮನೆಯ ಮುಖ್ಯ ವಾಲ್ವ್ ತಿರುಗಿಸಿದೆ, ಪೈಪ್ ಪಾನಾ ಹಾಕಿ ಬಲ ಬಿಟ್ಟೆ. ನಲ್ಲಿಯ ಜೊತೆ ಗೋಡೆಯೊಳಗಿನ ತುಕ್ಕು ತಿಂದ ಕಬ್ಬಿಣದ ನಿಪ್ಪಲ್ಲೂ ಮುರಿದು ಕೈಗೆ ಬಂತು. ಸಂಜೆ 6.40, ಸೊಸೈಟಿಯ ನೀರು ಬಿಡುವ ಹೊತ್ತು. ವಾಲ್ವ್ ತಿರುಗಿತ್ತು ನಿಜ, ಆದರೆ ಒಳಗೆ ಅದು ಯಾವ ಕಾಲದಲ್ಲೋ ಕೆಟ್ಟಿತ್ತು. ಗೋಡೆಯಿಂದ ನೀರು ಎದೆಗೆ ಬಡಿಯುತ್ತಿದೆ, ಮಗಳು ಟವೆಲುಗಳನ್ನು ಹೊಸ್ತಿಲಿಗೆ ಒಡ್ಡುತ್ತಿದ್ದಾಳೆ, ಗಂಡ ವಾಚ್‌ಮನ್ನನ್ನು ಹುಡುಕುತ್ತ ಟೆರೇಸಿಗೆ ಓಡಿದ್ದಾನೆ. ಇಡೀ ಬಿ ವಿಂಗಿನ ನೀರು ಒಂದೂವರೆ ಗಂಟೆ ಬಂದ್. ಸೊಸೈಟಿಯ ಗುಂಪಿನಲ್ಲಿ "ಪಾಣೀ ಕಾ ಗೇಲಂ?" ಎಂದು ಹದಿನೆಂಟು ಮಂದಿ ಕೇಳಿದರು. ವಿಹಾರ್, ತುಳಸಿಯಿಂದ ಭಾತ್ಸಾ, ಮಧ್ಯ ವೈತರಣಾವರೆಗೆ ಏಳು ಕೆರೆಗಳಿಂದ ಈ ನಗರಕ್ಕೆ ನೀರು ಬರುತ್ತದೆ. ಅದನ್ನು ನನ್ನ ಮನೆಯಲ್ಲಿ ನಿಲ್ಲಿಸಲು ಇದ್ದದ್ದು ಒಂದು ಕೆಟ್ಟ ವಾಲ್ವ್. ಯಾವ ನಲ್ಲಿಗೂ ಕೈ ಹಾಕುವ ಮೊದಲು ವಾಲ್ವ್ ತಿರುಗಿಸಿ, ಎಲ್ಲ ನಲ್ಲಿಗಳನ್ನೂ ತೆರೆದು ಐದು ನಿಮಿಷ ಕಾಯಿರಿ. ಹನಿ ನಿಲ್ಲದಿದ್ದರೆ ಮುಟ್ಟಬೇಡಿ.

ಆ ರಾತ್ರಿ ಬಂದ ಪ್ಲಂಬರ್ ಮುರಿದ ಬಾಯಿಗೆ ಮುಚ್ಚಳ ಹಾಕಿ 1,200 ತೆಗೆದುಕೊಂಡ. ತೀರ್ಮಾನವೂ ಅಲ್ಲೇ ಆಯಿತು: ಗೋಡೆಯೊಳಗಿನ ಹಳೆಯ ಕಬ್ಬಿಣದ ಲೈನನ್ನು ಅಲ್ಲಿಯೇ ಸಮಾಧಿ ಮಾಡಿ, ಗೋಡೆಯ ಮೇಲಿನಿಂದಲೇ ಸಿಪಿವಿಸಿ ಪೈಪು ಎಳೆಯುವುದು. ನೋಡಲು ಅಷ್ಟು ಚೆನ್ನಲ್ಲ. ಆದರೆ ಒಂದು ಗೆಣ್ಣು ಸೋರಿದರೂ ಕಣ್ಣಿಗೆ ಕಾಣುತ್ತದೆ. ನಲ್ಲಿ, ವಾಲ್ವ್, ಕೈಶವರ್‌ಗಳನ್ನು ಕ್ರಾಫರ್ಡ್ ಮಾರ್ಕೆಟ್ ಬಳಿಯ ಲೋಹಾರ್ ಚಾಳಿನಿಂದ ತಂದೆ. ಒಂದು ರಜೆ ಹೋಯಿತು, ಆದರೆ ಚೌಕಾಸಿಗೆ ಅಲ್ಲಿನಂತಹ ಜಾಗವಿಲ್ಲ. ನಲ್ಲಿಯನ್ನು ಕೈಯಲ್ಲಿ ತೂಗಿ ನೋಡಿ, ಹಿತ್ತಾಳೆಯದು ಭಾರವಿರುತ್ತದೆ. ನಲ್ಲಿಗೆ ತಿರುಪಿನ ಬದಲು ಉದ್ದ ಹಿಡಿಕೆಯದನ್ನೇ ತಂದೆ. ಅಮ್ಮನ ಮಣಿಕಟ್ಟು ಈಗಲೂ ಪೂರ್ತಿ ತಿರುಗುವುದಿಲ್ಲ.

ವಿದ್ಯುತ್ತಿಗೆ ಕೈ ಹಾಕಲಿಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದು ಗೀಜರ್ ಪ್ಲಗ್ ಬಿಚ್ಚಿದಾಗ ಅಲ್ಲಿ ಅರ್ಥಿಂಗ್ ತಂತಿಯೇ ಇರಲಿಲ್ಲ. ಹತ್ತು ವರ್ಷ ನಾವು ಅದರ ಕೆಳಗೆ ಒದ್ದೆ ಮೈಯಲ್ಲಿ ನಿಂತಿದ್ದೆವು. ಹೊಸ ತಂತಿ, 30 ಮಿಲಿ ಆಂಪಿಯರ್ ಆರ್‌ಸಿಸಿಬಿ, ಸ್ವಿಚ್ಚು ಹೊರಗೆ. ಕಿಟಕಿಯ ಎರಡು ಗಾಜಿನ ಪಟ್ಟಿ ತೆಗೆದು ಎಕ್ಸಾಸ್ಟ್ ಫ್ಯಾನು, ಅದರ ಹೊರಗೆ ಪಾರಿವಾಳದ ಬಲೆ. ಗ್ಯಾಸ್ ಗೀಜರ್ ಅಗ್ಗ ಎಂದು ಇಬ್ಬರು ಸಲಹೆ ಕೊಟ್ಟರು. ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಅದು ಉಗುಳುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಎಚ್ಚರಿಕೆಯಿಲ್ಲ. ಹದಿನೈದು ಲೀಟರಿನ ವಿದ್ಯುತ್ ಗೀಜರೇ ಬಂತು.

ಇಷ್ಟೆಲ್ಲ ಆದ ಮೇಲೆ ಬಾಗಿಲಿಗೆ ಬಂದೆ. ನಿಜ ಹೇಳಬೇಕೆಂದರೆ ಮೊದಲು ಬರಬೇಕಾದದ್ದು ಅಲ್ಲಿಗೇ. ಬುಡ ಕೊಳೆತ ಪ್ಲೈವುಡ್ಡಿನ ಜಾಗಕ್ಕೆ ಪಿವಿಸಿ ಬಾಗಿಲು ತಂದೆವು. ಬಡಗಿ ತಿರುಗಣೆಯನ್ನು ಹಳೆಯ ಜಾಗದಲ್ಲೇ ಗುರುತು ಮಾಡತೊಡಗಿದಾಗ ನಾನು ತಡೆದೆ. ಹೊರಕ್ಕೆ ತೆರೆಯಬೇಕು ಅಂದೆ. "ಹೊರಗೆ ಪ್ಯಾಸೇಜು ಚಿಕ್ಕದು ತಾಯಿ, ಫ್ರಿಜ್ಜಿಗೆ ತಾಗ್ತದೆ." ಫ್ರಿಜ್ಜನ್ನು ಹಾಲಿಗೆ ಸರಿಸಿದೆವು. ಈಗ ನಮ್ಮ ಟೀವಿಯ ಪಕ್ಕದಲ್ಲಿ ಫ್ರಿಜ್ಜು ನಿಂತಿದೆ, ಬಂದವರೆಲ್ಲ ಯಾಕೆಂದು ಕೇಳುತ್ತಾರೆ. ಚಿಲಕವೂ ಹೊರಗಿನಿಂದ ನಾಣ್ಯ ತಿರುಗಿಸಿ ತೆಗೆಯುವಂಥದ್ದು. ಈ ಚಿಲಕದ ಬೆಲೆ 240 ರೂಪಾಯಿ. ಮನೆಯಲ್ಲಿ ವಯಸ್ಸಾದವರಿದ್ದರೆ, ಇನ್ನೇನನ್ನೂ ಮಾಡದಿದ್ದರೂ, ಇದೊಂದನ್ನು ಮಾಡಿ.

ಹಿಡಿಕೆಗಳು ಎರಡು: ಬಾಗಿಲ ಪಕ್ಕ ನೆಟ್ಟಗೆ ಒಂದು, ಕೂರುವ ಜಾಗದಲ್ಲಿ ಅಡ್ಡ ಒಂದು. ಟವೆಲ್ ಹಾಕುವ ಸರಳು ಬೇರೆ, ಮನುಷ್ಯರ ಭಾರ ಹೊರುವ ಹಿಡಿಕೆ ಬೇರೆ. ನೋಡಲು ಒಂದೇ ತರಹ, ಅದೇ ಅಪಾಯ. ಬಚ್ಚಲು ಮತ್ತು ಸಂಡಾಸಿನ ನಡುವಿನ ಗೋಡೆ ನಾಲ್ಕೂವರೆ ಇಂಚಿನದು, ಅದರಲ್ಲಿ ಬೋಲ್ಟು ಸಡಿಲವಾಗುವ ಸಾಧ್ಯತೆಯಿದೆ. ಹಾಗಾಗಿ ಒಂಬತ್ತಿಂಚಿನ ಹೊರಗೋಡೆಗೇ ಎರಡನ್ನೂ ಕೂರಿಸಿದೆ. ಟೈಲಿನಷ್ಟು ದಪ್ಪವನ್ನು ಟೈಲ್ ಬಿಟ್ಟಿನಿಂದ, ಡ್ರಿಲ್ಲಿನ ಕುಟ್ಟುವ ಗುಂಡಿ ಒತ್ತದೆ ನಿಧಾನವಾಗಿ ಕೊರೆದು, ಇಟ್ಟಿಗೆ ಸಿಕ್ಕ ಮೇಲೆ ಮಾತ್ರ ಕುಟ್ಟಿಸಬೇಕು. ನಲ್ಲಿಯ ನೇರ ಮೇಲೆ, ನೇರ ಪಕ್ಕಕ್ಕೆ ಕೊರೆಯಬೇಡಿ, ಪೈಪುಗಳು ಸಾಮಾನ್ಯವಾಗಿ ಹಾಗೆಯೇ ಓಡುತ್ತವೆ. ಬಿಗಿದ ಮೇಲೆ ನಾನು ಜೋತುಬಿದ್ದೆ. ಆಮೇಲೆ 82 ಕಿಲೋದ ಗಂಡ ಜೋತುಬಿದ್ದ. ಎತ್ತರ ಎಷ್ಟಿರಬೇಕೆಂದು ಮಾತ್ರ ಪುಸ್ತಕ ನೋಡಲಿಲ್ಲ. ಅಮ್ಮನಿಗೆ ಫೋನು ಮಾಡಿ, "ಸ್ಟೂಲಿನ ಮೇಲೆ ಕೂತು ಏಳುವಾಗ ಗೋಡೆಗೆ ಎಲ್ಲಿ ಕೈ ಇಡ್ತೀಯ, ನೂಲು ಹಿಡಿದು ಅಳತೆ ಮಾಡಿ ಹೇಳು" ಎಂದೆ. "ಮೊಳಕ್ಕೆ ಮೂರು ಬೆರಳು ಮೇಲೆ" ಎಂದಳು. ನನ್ನ ಮೊಳ ಅವಳದಕ್ಕಿಂತ ಉದ್ದ. ಮತ್ತೆ ಫೋನು. ಮಂಡಿನೋವಿಗೆಂದು ಸಂಡಾಸಿನ ಭಾರತೀಯ ಶೈಲಿಯ ಪ್ಯಾನನ್ನು ಒಡೆಯದೆ, ಅದರ ಮೇಲೆ ಇಡುವ ಸ್ಟೀಲಿನ ಕಮೋಡ್ ಸ್ಟೂಲು ತಂದೆವು.

ಲೆಕ್ಕ ಕೇಳುವವರಿಗೆ: ಒಟ್ಟು 46,200. ದೊಡ್ಡ ಪಾಲು ಗೀಜರ್ 7,800, ನಲ್ಲಿ-ಪೈಪು 7,400, ವಿದ್ಯುತ್ ಕೆಲಸ ಫ್ಯಾನು ಸೇರಿ 6,200, ಬಾಗಿಲು 4,600. ಕಣ್ಣಿಗೆ ಹೊಸದಾಗಿ ಕಾಣುವ ನೆಲಕ್ಕೆ ಅಂಟು ಸೇರಿಯೂ ಮೂರೂವರೆ ಸಾವಿರ ದಾಟಲಿಲ್ಲ. ನನ್ನ ಮತ್ತು ಗಂಡನ ಐದು ವಾರಾಂತ್ಯಗಳನ್ನು ಇದರಲ್ಲಿ ಹಿಡಿದಿಲ್ಲ, ಒಂದು ವಾರ ಬಗ್ಗಲಾಗದ ಬೆನ್ನನ್ನೂ ಹಿಡಿದಿಲ್ಲ. ಸ್ವಂತ ಕೈಯಿಂದ ಮಾಡಿದರೆ ಎಲ್ಲ ಉಳಿತಾಯ ಎನ್ನುವವರನ್ನು ನಂಬಬೇಡಿ. ಟ್ರ್ಯಾಪು, ವಿದ್ಯುತ್ತು, ಬಾಗಿಲು ಈ ಮೂರಕ್ಕೂ ನಾನು ಹಣ ಕೊಟ್ಟೇ ಮಾಡಿಸಿದ್ದು. ಒಡೆದ ಟೈಲು-ಗಾರೆಯ ಎರಡು ಚೀಲವನ್ನು ಕಸದ ಡಬ್ಬಿಗೆ ಹಾಕುವಂತಿಲ್ಲ. ಪಕ್ಕದ ವಿಂಗಿನವರು ಪಾಲಿಕೆಯ 'ಡೆಬ್ರಿಸ್ ಆನ್ ಕಾಲ್' ಸೇವೆಗೆ ಹೇಳಿದ್ದರು, ಅವರ ರಾಶಿಯ ಜೊತೆ ನಮ್ಮದೂ ಹೋಯಿತು.

ಹದಿನೆಂಟನೆಯ ದಿನ ಕಾಕೂ ಫೋಟೋ ಕಳಿಸಲಿಲ್ಲ. ನಾನು ಗಾಬರಿಯಾಗಿ ಕೆಳಗೆ ಹೋದೆ. "ಹನಿ ಇಲ್ಲ, ಏನು ಕಳಿಸಲಿ?" ಎಂದರು. ಅವರ ಛಾವಣಿಗೆ ಬಣ್ಣ ಹೊಡೆಸುವುದು ನನ್ನ ಲೆಕ್ಕಕ್ಕೆ ಎಂದು ಹೇಳಿ ಬಂದೆ, ಆದರೆ ಪೂರ್ತಿ ಒಣಗಲಿ, ಡಿಸೆಂಬರಿಗೆ ಹೊಡೆಸೋಣ ಎಂದೆ.

ಅಮ್ಮ ಬಂದದ್ದು ಹಬ್ಬಕ್ಕೆ ಎರಡು ದಿನ ಮೊದಲು. ಚೀಲ ಇಳಿಸುವ ಮುನ್ನ ಬಚ್ಚಲಿಗೆ ಹೋದಳು. ಬಾಗಿಲನ್ನು ಎರಡು ಸಲ ಹೊರಕ್ಕೆ ತೆರೆದು ಮುಚ್ಚಿ ನೋಡಿದಳು. ನೆಲವನ್ನು ಹೆಬ್ಬೆರಳಿನಿಂದ ಉಜ್ಜಿದಳು. "ನಮ್ಮ ಬಚ್ಚಲುಕಲ್ಲಿನ ಹಾಂಗೇ ಇದ್ದು" ಎಂದಳು. ಆಮೇಲೆ ಏಳು ನೀಲಿ ಟೈಲುಗಳನ್ನು ನೋಡಿ, "ಇದೇನು, ತೇಪೆ?" ಎಂದಳು. ಮಗಳಿಗೆ ಕೋಪ ಬಂತು. ಊರಿನಲ್ಲಿ ನೀರು ತುಂಬುವ ಹಬ್ಬದಂದು ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಕೆಮ್ಮಣ್ಣು ಜೇಡಿ ಬರೆದು, ಕುತ್ತಿಗೆಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತುತ್ತಿದ್ದಳು. ರಾತ್ರಿಯಿಡೀ ಬಚ್ಚಲೊಲೆಯಲ್ಲಿ ಅಡಿಕೆ ಸಿಪ್ಪೆ ಹೊಗೆಯಾಡುತ್ತಿತ್ತು. ಇಲ್ಲಿ ಗೀಜರಿನ ಕೆಂಪು ದೀಪ ನೋಡುತ್ತ, "ಇದು ಕಾಯ್ತಾ ಇದ್ದೋ ಇಲ್ಲೆಯೋ, ಸದ್ದೇ ಇಲ್ಲೆ" ಎಂದು ಮೂರು ಸಲ ಕೇಳಿದಳು. ಕೊನೆಗೆ ಪ್ಲಾಸ್ಟಿಕ್ ಬಕೆಟ್ಟಿಗೇ ಜೇಡಿಯಿಂದ ಎರಡು ಗೆರೆ ಎಳೆದು, ಅರಿಶಿನ ಕುಂಕುಮ ಹಚ್ಚಿ ನೀರು ತುಂಬಿದಳು.

ಅಷ್ಟು ಹೊತ್ತಿಗೆ ಬಾಗಿಲು ಸದ್ದಾಯಿತು. ಕೆಳಗಿನ ಕಾಕೂ. ಕೈಯಲ್ಲಿ ಉಟಣೆಯ ಪೊಟ್ಟಣ, ಜೊತೆಗೆ ಪೇಟೆಯಿಂದ ತಂದ ನಾಲ್ಕು ಪುಟ್ಟ ಕಾಯಿ. "ಕಾರೀಟ್" ಎಂದರು. ಇಲ್ಲಿನವರು ನರಕ ಚತುರ್ದಶಿಯ ಬೆಳಗ್ಗೆ ಅದನ್ನು ಕಾಲಿನಲ್ಲಿ ಒಡೆದು ಸ್ನಾನಕ್ಕಿಳಿಯುತ್ತಾರೆ. ಅಮ್ಮ ಒಂದನ್ನು ಎತ್ತಿ ಮೂಸಿ, "ಹಿಂಡ್ಲೆಕಾಯಿ! ಇದು ಮುಂಬೈಲೂ ಇದ್ದೋ?" ಎಂದು ನನ್ನನ್ನು ಕೇಳಿದಳು. ಹದಿನೈದು ವರ್ಷ ಇಲ್ಲಿದ್ದರೂ ನನಗೆ ಗೊತ್ತಿರಲಿಲ್ಲ. ಇಬ್ಬರೂ, ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದೆ, ಕಾಲಿನ ಹೆಬ್ಬೆರಳು ತೋರಿಸುತ್ತ ಬಹಳ ಹೊತ್ತು ಮಾತನಾಡಿದರು.

ಬೆಳಗಿನ ಜಾವ ಐದಕ್ಕೆ ಎಣ್ಣೆ ಹಚ್ಚಿಕೊಂಡು ಮಗಳು ಕಾಯಿ ಹಿಡಿದು ಬಚ್ಚಲೊಳಗೆ ನುಗ್ಗಿದಳು. ಅಮ್ಮ ಹಿಡಿಕೆಯ ಮೇಲೆ ಕೈಯಿಟ್ಟುಕೊಂಡೇ ಕೂಗಿದಳು: "ಒಳಗೆ ಒಡೀಬೇಡ್ವೇ, ಬೀಜ ಜಾರ್ತು. ಹೊಸ್ತಿಲಾಚೆ ಒಡೆದು ಬಾ."